ರೂಪಾಯಿ ಬಿದ್ದ ವಾರದ ಲೆಕ್ಕ

ಡಿಸೆಂಬರ್ 7, 2025, ಭಾನುವಾರ
ಅಲ್ ನಹ್ದಾ, ದುಬೈ

ಬುಧವಾರ ಡಾಲರ್ 90 ರೂಪಾಯಿ ದಾಟಿತು. ಇಲ್ಲಿಯ ದಿರ್ಹಮ್ ಡಾಲರ್ ಜೊತೆಗೇ ಹೋಗುತ್ತದೆ. 1997ರಿಂದ ಒಂದು ಡಾಲರ್‌ಗೆ 3.6725 ದಿರ್ಹಮ್, ಕದಲಿಲ್ಲ. ಹಾಗಾಗಿ ಒಂದು ದಿರ್ಹಮ್‌ಗೆ ಈಗ ಇಪ್ಪತ್ನಾಲ್ಕೂವರೆ ರೂಪಾಯಿ. ವಾಟ್ಸಾಪ್ ಗ್ರೂಪಿನಲ್ಲಿ ವಾರವಿಡೀ ಇದೇ ಮಾತು. ಯಾವ ಎಕ್ಸ್‌ಚೇಂಜ್‌ನಲ್ಲಿ ಎರಡು ಪೈಸೆ ಜಾಸ್ತಿ ಕೊಡುತ್ತಾರೆ, ಇವತ್ತೇ ಕಳಿಸಬೇಕಾ, ಇನ್ನೂ ಬೀಳಲಿ ಅಂತ ಕಾಯಬೇಕಾ.

ಅಮ್ಮ ಫೋನ್ ಮಾಡಿದಾಗಲೂ ಅದೇ. "ಟಿವಿಯಲ್ಲಿ ಹೇಳಿದರು. ನಿಮಗೆ ಒಳ್ಳೆಯದಾಯ್ತಲ್ಲ ಮಗಾ?"

ಹೌದು ಅಂದೆ. ಇನ್ನೇನು ಹೇಳುವುದು? ನಾವು 2017ರಲ್ಲಿ ಬಂದಾಗ ಹದಿನೇಳೂವರೆ ಇತ್ತು. ಇವರ ಸಂಬಳ ಅಲ್ಲಿಂದ ಇಲ್ಲಿಗೆ ಏರಿದ್ದು ಸ್ವಲ್ಪವೇ. ಆದರೆ ರೂಪಾಯಿಯಲ್ಲಿ ನೋಡಿದರೆ ನೂರಕ್ಕೆ ನಲವತ್ತರಷ್ಟು ಬೆಳೆದಂತೆ ಕಾಣುತ್ತದೆ. ಕಂಪನಿ ಕೊಟ್ಟಿದ್ದಲ್ಲ ಅದು, ರೂಪಾಯಿ ಬಿದ್ದಿದ್ದರಿಂದ ಬಂದಿದ್ದು. ಅದೇ ಅವಧಿಯಲ್ಲಿ ಊರಲ್ಲೂ ಎಲ್ಲ ಏರಿತು. ಆಗ ಶಿವಮೊಗ್ಗದಲ್ಲಿ ನೋಡಿ ಬಿಟ್ಟ ಸೈಟಿಗೆ ಈಗ ಎರಡು ಪಟ್ಟಿಗಿಂತ ಜಾಸ್ತಿ ಹೇಳುತ್ತಾರೆ. ಅಮ್ಮನ ಮಾತ್ರೆಗೆ ಪ್ರತಿ ತಿಂಗಳು ಕಳಿಸುವ ದುಡ್ಡನ್ನೂ ಏರಿಸುತ್ತಲೇ ಬಂದಿದ್ದೇವೆ. ರೂಪಾಯಿ ಬಿದ್ದಿದ್ದಕ್ಕೆ ಖುಷಿ ಪಡುವುದು ನನಗೆ ಯಾಕೋ ಆಗುವುದಿಲ್ಲ. ಬಿದ್ದಿದ್ದು ಅಮ್ಮನ ಪರ್ಸಿನಲ್ಲಿರುವ ದುಡ್ಡೇ ಅಲ್ವಾ?

ಅದಿರಲಿ. ಇವತ್ತು ಬರೆಯಬೇಕು ಅನಿಸಿದ್ದು ಕೆಳಗಿನ ಮನೆ ಅಕ್ಕನಿಂದ.

ಅವರು ಮಾರ್ಚ್‌ನಲ್ಲಿ ಊರಿಗೆ ಹೋಗುತ್ತಿದ್ದಾರೆ. ಪೂರ್ತಿ. ಉಡುಪಿ ಹತ್ತಿರ ಮನೆ ಇದೆ. ಮಧ್ಯಾಹ್ನ ಕರೆದರು, "ಬಾ, ಏನು ಬೇಕೋ ನೋಡು, ಬೇರೆಯವರಿಗೆ ಕೊಡುವ ಮೊದಲು" ಅಂತ. ಹಾಲ್ ತುಂಬ ರಟ್ಟಿನ ಪೆಟ್ಟಿಗೆ. ಗ್ರೈಂಡರ್, ದೋಸೆ ಕಾವಲಿ, ಇಡ್ಲಿ ಪಾತ್ರೆ ಎಲ್ಲ ಒಂದು ಕಡೆ. ಅಡಿಗೆಮನೆ ಕಟ್ಟೆಯ ಮೇಲೆ ಒಂದು ಹಳೆಯ ನೀಲಿ ನೋಟ್‌ಬುಕ್. ತೆರೆದು ತೋರಿಸಿದರು. 2001ರಿಂದಿನ ಲೆಕ್ಕ, ಶುರು ಮಾಡಿದ್ದು ಭಾವ, ಅಂದರೆ ಅಕ್ಕನ ಗಂಡ. ಮೊದಲ ಪುಟದಲ್ಲಿ ಕರಾಮಾದಲ್ಲಿ ಬೆಡ್‌ಸ್ಪೇಸ್ ಬಾಡಿಗೆ (ಹಂಚಿಕೊಂಡ ರೂಮಿನಲ್ಲಿ ಒಂದು ಮಂಚದ ಜಾಗ), ಫೋನ್ ಕಾರ್ಡ್, ಕುಬೂಸ್ ರೊಟ್ಟಿ. ಆಮೇಲೆ ಅಕ್ಕ ಬಂದ ವರ್ಷದಿಂದ ಅಕ್ಷರ ಬದಲಾಗುತ್ತದೆ. ಶಾಲೆ ಫೀಸ್ ಶುರುವಾದ ವರ್ಷದಿಂದ ಸಾಲುಗಳು ಉದ್ದ.

"ಇದರಲ್ಲಿ ಉಳಿತಾಯ ಅಂತ ಬರೆದಿದ್ದೆಲ್ಲ ಎಲ್ಲಿ ಹೋಯಿತು ಗೊತ್ತುಂಟಾ?" ಅಂದರು. "ಅರ್ಧ ಮನೆಗೆ, ಅರ್ಧ ಇವನ ಸೀಟಿಗೆ."

ಮಗ ಈಗ ಎಂಜಿನಿಯರಿಂಗ್ ಮೂರನೇ ವರ್ಷ. ಹನ್ನೆರಡನೇ ಕ್ಲಾಸಿನವರೆಗೂ ಇಲ್ಲೇ ಓದಿದವನು. ಸರ್ಕಾರಿ ಕೋಟಾದಲ್ಲಿ ಅರ್ಜಿ ಹಾಕುವ ಹಾಗೇ ಇರಲಿಲ್ಲ. ಎನ್‌ಆರ್‌ಐ ಸೀಟು, ಫೀಸ್ ಡಾಲರ್ ಲೆಕ್ಕದಲ್ಲಿ. ರೂಪಾಯಿ ಬಿದ್ದರೆ ಆ ಫೀಸೂ ಏರುತ್ತದೆ, ನಮಗೆ ಸಿಕ್ಕಿದ್ದು ಅಲ್ಲಿಗೇ ಹೋಗುತ್ತದೆ.

ಮತ್ತೆ ಗ್ರಾಚ್ಯುಟಿ. ಇಲ್ಲಿ ಪಿಎಫ್ ಇಲ್ಲ, ನಮ್ಮಂಥವರಿಗೆ ಪೆನ್ಷನ್ ಇಲ್ಲ. ಕೊನೆಗೆ ಸಿಗುವುದು ಅದೊಂದೇ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. ಸಂಬಳ ಅಂದರೆ ಬೇಸಿಕ್ ಮಾತ್ರ. ಮನೆ ಭತ್ಯೆ, ಓಡಾಟದ ಭತ್ಯೆ ಯಾವುದೂ ಸೇರುವುದಿಲ್ಲ. ಭಾವನ ಕಂಪನಿ ಇಷ್ಟು ವರ್ಷ ಬೇಸಿಕ್ ಏರಿಸದೆ ಭತ್ಯೆಗಳನ್ನಷ್ಟೇ ಏರಿಸುತ್ತಾ ಬಂತು. ತಿಂಗಳ ಕೊನೆಗೆ ಖಾತೆಗೆ ಬೀಳುವ ಮೊತ್ತ ಒಂದೇ, ಯಾರು ಗಮನಿಸುತ್ತಾರೆ?

"ಪ್ರತಿ ತಿಂಗಳು ಎಷ್ಟು ಉಳೀತು ಅಂತ ನೋಡ್ತಾ ಇರಬೇಡ ಮಾರಾಯ್ತಿ. ಹೋಗುವಾಗ ಕೈಯಲ್ಲಿ ಎಷ್ಟಿರುತ್ತದೆ, ಅದನ್ನು ನೋಡು. ವೀಸಾ ಮುಗಿದ ದಿನ ಇನ್ಶೂರೆನ್ಸೂ ಮುಗಿಯಿತು. ಇವರಿಗೆ ಈಗ ಐವತ್ತೆಂಟು, ಶುಗರ್ ಇದೆ. ಊರಲ್ಲಿ ಹೊಸದಾಗಿ ಮಾಡಿಸಲಿಕ್ಕೆ ಹೋದರೆ ಪ್ರೀಮಿಯಂ ಕೇಳಿ ನನಗೆ ತಲೆ ತಿರುಗಿತು."

ನಾನು ಗ್ರೈಂಡರ್ ತೆಗೆದುಕೊಂಡೆ. ದುಡ್ಡು ಬೇಡ ಅಂದರು, ಒತ್ತಾಯ ಮಾಡಿ ಇಟ್ಟು ಬಂದೆ. ಮೆಟ್ಟಿಲು ಹತ್ತುವಾಗ ಗ್ರೈಂಡರಿನ ಭಾರಕ್ಕಿಂತ ಅವರ ಮಾತೇ ಜಾಸ್ತಿ ಭಾರ ಆಯಿತು.

ಯಾಕೆಂದರೆ ನಮ್ಮ ಮನೆಯಲ್ಲೂ ಗುರುವಾರದಿಂದ ಇದೇ ಲೆಕ್ಕ ನಡೆಯುತ್ತಿದೆ. ಓನರ್ ಕಡೆಯಿಂದ ಮೇಲ್ ಬಂದಿದೆ. ನಮ್ಮ ಒಪ್ಪಂದ ಮಾರ್ಚ್ ಮಧ್ಯದಲ್ಲಿ ಮುಗಿಯುತ್ತದೆ. ಬಾಡಿಗೆ ಏರಿಸುವುದಿದ್ದರೆ 90 ದಿನ ಮೊದಲೇ ಹೇಳಬೇಕು, ಅದಕ್ಕೆ ಈಗಲೇ ಕಳಿಸಿದ್ದಾರೆ. ವರ್ಷಕ್ಕೆ 62,000 ದಿರ್ಹಮ್ ಇದ್ದಿದ್ದು 68,200. ಅಷ್ಟೇ ಅಲ್ಲ, ವರ್ಷದ ಬಾಡಿಗೆಯನ್ನು ನಾಲ್ಕು ಚೆಕ್ ಬದಲು ಎರಡೇ ಚೆಕ್‌ನಲ್ಲಿ ಕೊಡಿ ಅಂತಿದ್ದಾರೆ. ಅಂದರೆ ಮಾರ್ಚ್‌ನಲ್ಲಿ ಒಂದೇ ಏಟಿಗೆ 34,100 ಹೋಗಬೇಕು. ಏಪ್ರಿಲ್‌ನಲ್ಲಿ ಇಬ್ಬರದೂ ಶಾಲೆ ಫೀಸ್.

ಬಾಡಿಗೆ ಏರಿದರೆ ಅದರ ಜೊತೆ ಇನ್ನೊಂದೂ ಏರುತ್ತದೆ. ಕರೆಂಟು-ನೀರಿನ ದೇವಾ ಬಿಲ್‌ನಲ್ಲಿ ಹೌಸಿಂಗ್ ಫೀ ಅಂತ ಒಂದು ಸಾಲು ಇರುತ್ತದೆ. ವರ್ಷದ ಬಾಡಿಗೆಯ ನೂರಕ್ಕೆ ಐದು, ಹನ್ನೆರಡು ಭಾಗ ಮಾಡಿ ತಿಂಗಳು ತಿಂಗಳು ಹಾಕುತ್ತಾರೆ. ನಮಗೆ 258 ಬರುತ್ತಿದ್ದದ್ದು 284 ಆಗುತ್ತದೆ. ಊರಲ್ಲಿ ಎಲ್ಲರೂ "ನಿಮಗೆ ಟ್ಯಾಕ್ಸ್ ಇಲ್ಲವಲ್ಲ" ಅನ್ನುತ್ತಾರೆ. ಆದಾಯ ತೆರಿಗೆ ಇಲ್ಲ, ನಿಜ. 2018ರಿಂದ ಅಂಗಡಿ ಬಿಲ್ ಮೇಲೆ ನೂರಕ್ಕೆ ಐದು ವ್ಯಾಟ್ ಇದೆ. ರಸ್ತೆ ಟೋಲ್ ವಸೂಲಿಯ ಸಾಲಿಕ್ ಗೇಟ್ ಈ ವರ್ಷ ಜನವರಿ ಕೊನೆಯಿಂದ ಬೆಳಿಗ್ಗೆ ಸಂಜೆ ಜನ ಓಡಾಡುವ ಹೊತ್ತಿಗೆ 4ರ ಬದಲು 6 ದಿರ್ಹಮ್. ಇವರು ಕೆಲಸಕ್ಕೆ ಹೋಗುವುದು ಜೆಬೆಲ್ ಅಲಿಗೆ, ಅದೇ ಹೊತ್ತಿಗೆ. ನನ್ನ, ಮಕ್ಕಳ ಇನ್ಶೂರೆನ್ಸ್ ನಾವೇ ಕಟ್ಟಬೇಕು, ಕಂಪನಿ ಇವರೊಬ್ಬರದ್ದು ಮಾತ್ರ ಕೊಡುತ್ತದೆ.

ರಸ್ತೆ ದಾಟಿದರೆ ಶಾರ್ಜಾ. ಆ ಕಡೆಯದೂ ಅಲ್ ನಹ್ದಾನೇ. ನಮ್ಮ ಬಾಲ್ಕನಿಯಿಂದ ಅಲ್ಲಿ ಬಟ್ಟೆ ಒಣಗಿಸಿದ್ದು ಕಾಣುತ್ತದೆ. ಇಷ್ಟೇ ದೊಡ್ಡ ಮನೆ ಅಲ್ಲಿ ಹದಿನೈದು ಸಾವಿರ ಕಡಿಮೆಗೆ ಸಿಗುತ್ತದೆ. ಹೋಗೋಣವಾ ಅಂತ ಕೇಳಿದೆ. ಇವರು ತಲೆ ಅಲ್ಲಾಡಿಸಿದರು. ಬೆಳಿಗ್ಗೆ ಆ ಗಡಿ ದಾಟುವುದಕ್ಕೇ ಮುಕ್ಕಾಲು ಗಂಟೆ ಜಾಸ್ತಿ ಬೇಕು. ಈಗಲೇ ಮನೆಗೆ ಬರುವಾಗ ಚಿಕ್ಕವನು ಅರ್ಧ ನಿದ್ದೆಯಲ್ಲಿರುತ್ತಾನೆ. ದುಡ್ಡು ಉಳಿಸಲು ಅಪ್ಪನನ್ನು ಇನ್ನಷ್ಟು ದೂರ ಮಾಡುವುದಾ? ಇದಕ್ಕೆ ನನ್ನ ಮನಸ್ಸು ಖಂಡಿತ ಒಪ್ಪುವುದಿಲ್ಲ.

ನಿನ್ನೆ ರಾತ್ರಿ ಮಕ್ಕಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದು ಕೂತೆವು. ಎಕ್ಸೆಲ್‌ನಲ್ಲಿ ನಾನೇ ತುಂಬಿದ್ದು. ಬಾಡಿಗೆ, ಶಾಲೆ, ಬಸ್ಸು ಇಷ್ಟೇ ಸೇರಿ ಸಂಬಳದ ಅರ್ಧ. ಜುಲೈನಲ್ಲಿ ಮಂಗಳೂರಿಗೆ ನಾಲ್ಕು ಟಿಕೆಟ್, ಶಾಲೆಗೆ ರಜೆ ಸಿಗುವುದು ಆಗಲೇ, ರೇಟು ಏರುವುದೂ ಆಗಲೇ. ಕೊನೆಯಲ್ಲಿ ಒಂದು ಸಾಲು ಜಾಸ್ತಿ ಸೇರಿಸಿದ್ದೆ. "ನನ್ನ ಸಂಬಳ" ಅಂತ.

ಇವರು ನೋಡಿದರು. "ಇದು ಯಾಕೆ?"

"ನಾನು ಬೆಂಗಳೂರಲ್ಲಿ ಬ್ಯಾಂಕಿನಲ್ಲಿ ಇದ್ದಿದ್ದರೆ ಈಗ ಬರುತ್ತಿದ್ದದ್ದು. ಇದೂ ಇಲ್ಲಿರುವ ಖರ್ಚೇ ಅಲ್ವಾ ರೀ?"

ತುಂಬ ಹೊತ್ತು ಮಾತಾಡಲಿಲ್ಲ. ಕೋಪ ಬಂದಿರಲಿಲ್ಲ, ಅದು ನನಗೆ ಗೊತ್ತಾಗುತ್ತದೆ. ಆ ಸಾಲಿನ ಮೇಲೆ ಮೌಸ್ ಇಟ್ಟು ಸುಮ್ನೆ ಕೂತಿದ್ದರು. ಆಮೇಲೆ "ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಅಂದರು.

ಹೇಳಬಾರದು ಅಂತೇನಿರಲಿಲ್ಲ. ಮಗಳು ಆಗ ಎರಡು ವರ್ಷದವಳು, ನಾನೇ ಖುಷಿಯಿಂದ ಬಿಟ್ಟು ಬಂದಿದ್ದು. ಇಲ್ಲೂ ಕೆಲಸ ನೋಡಿದ್ದೆ. ಗಂಡನ ವೀಸಾದಲ್ಲಿದ್ದುಕೊಂಡೇ ಕೆಲಸ ಮಾಡಬಹುದು, ಕಂಪನಿ ಪರ್ಮಿಟ್ ಮಾಡಿಸಿದರೆ ಆಯಿತು. ಆದರೆ ಸಿಕ್ಕ ಸಂಬಳದಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಟ್ಟು ಉಳಿಯುವುದು ಏನೂ ಇರಲಿಲ್ಲ. ಆ ಸಾಲು ಸೇರಿಸಿದ ಮೇಲೆ ನಮ್ಮ ವರ್ಷದ ಉಳಿತಾಯ ಎಷ್ಟು ಚಿಕ್ಕದಾಯಿತು ಅಂದರೆ, ಇಬ್ಬರೂ ಎಕ್ಸೆಲ್ ಸೂತ್ರ ಸರಿ ಇದೆಯಾ ಅಂತ ಮತ್ತೆ ನೋಡಿದೆವು. ಇವರ ಬೇಸಿಕ್ 7,000. ಇವತ್ತು ಕೆಲಸ ಬಿಟ್ಟರೆ ಎಂಟು ವರ್ಷದ ಗ್ರಾಚ್ಯುಟಿ 45,500 ದಿರ್ಹಮ್. ಹನ್ನೊಂದು ಲಕ್ಷ ಚಿಲ್ಲರೆ. ಅಷ್ಟರಲ್ಲಿ ಶಿವಮೊಗ್ಗದ ಆ ಸೈಟಿನ ಒಂದು ಮೂಲೆ ಬರಬಹುದು.

ಅಣ್ಣ ಬೇರೆ ಶುಕ್ರವಾರ ಫೋನ್ ಮಾಡಿ ತಲೆ ಕೆಡಿಸಿದ್ದಾನೆ. ಅವನು ಪಿಯು ಕಾಲೇಜಿನಲ್ಲಿ ಲೆಕ್ಚರರ್, ಪ್ರತಿ ವರ್ಷ ಮಕ್ಕಳ ಸಿಇಟಿ ಅರ್ಜಿ ನೋಡುವವನು.

"ಬರುವುದಿದ್ದರೆ ಈ ಏಪ್ರಿಲ್‌ಗೇ ಬಂದುಬಿಡು. ಮಗಳಿಗೆ ಮುಂದೆ ಸಿಇಟಿಯಲ್ಲಿ ಸರ್ಕಾರಿ ಸೀಟು ಬೇಕಂದರೆ ಒಂದನೇ ಕ್ಲಾಸಿನಿಂದ ಸೆಕೆಂಡ್ ಪಿಯುಸಿ ಒಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಅವಳು ಈಗ ಐದನೇ ಕ್ಲಾಸು. ಆರರಿಂದ ಹನ್ನೆರಡು ಎಣಿಸಿ ನೋಡು, ಸರಿಯಾಗಿ ಏಳು."

ಎಣಿಸಿದೆ. ಏಳೇ. ಮಾರ್ಚ್‌ನಲ್ಲಿ ಬಾಡಿಗೆ ಮುಗಿಯುವುದು, ಏಪ್ರಿಲ್‌ನಲ್ಲಿ ಇವಳು ಆರನೇ ಕ್ಲಾಸು. ಎಲ್ಲ ಒಟ್ಟಿಗೇ ಬಂದು ನಿಂತಂತಾಯಿತು. ಮತ್ತೆ ಅವನೇ ಹೇಳಿದ, "ಇಲ್ಲೂ ಈಗ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ ಕಣೇ. ಅದೇನು ದೊಡ್ಡ ಲಾಭ ಅಂತ ಅಲ್ಲಿ ಕೂತಿದ್ದೀರಿ?"

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಇವರಿಗೆ ಅಲ್ಲಿ ಈ ಲಾಜಿಸ್ಟಿಕ್ಸ್ ಕೆಲಸಕ್ಕೆ ಎಷ್ಟು ಕೊಡುತ್ತಾರೆ? ವಿಚಾರಿಸಿದ ಕಡೆಯೆಲ್ಲ ಇಲ್ಲಿಯ ಅರ್ಧಕ್ಕಿಂತ ಕಡಿಮೆ. ಕೆಲಸ ಇರುವುದು ಬೆಂಗಳೂರು ಅಥವಾ ಚೆನ್ನೈನಲ್ಲಿ, ನಮ್ಮೂರು ತೀರ್ಥಹಳ್ಳಿಯಲ್ಲಿ ಅಲ್ಲ. ಬೆಂಗಳೂರಲ್ಲಿ ಬಾಡಿಗೆ, ಅಡ್ವಾನ್ಸ್, ಇಬ್ಬರಿಗೆ ಶಾಲೆ. ಅಮ್ಮನಿಂದ ಅಲ್ಲೂ ದೂರವೇ. ಹಾಗಾದರೆ ವಾಪಸ್ ಹೋಗುವುದಕ್ಕೆ ಕೊಡುವ ಬೆಲೆಯನ್ನೂ ಎಕ್ಸೆಲ್‌ನಲ್ಲಿ ಇನ್ನೊಂದು ಹಾಳೆ ಮಾಡಿ ಬರೆಯಬೇಕು. ಇಲ್ಲಿಯ ಖರ್ಚನ್ನು ದಿರ್ಹಮ್‌ನಲ್ಲಿ, ಅಲ್ಲಿಯದನ್ನು ರೂಪಾಯಿಯಲ್ಲಿ ಬರೆದು ಹೋಲಿಸಿದರೆ ನಮಗೆ ಬೇಕಾದ ಉತ್ತರವೇ ಬರುತ್ತದೆ. ಎರಡನ್ನೂ ಒಂದೇ ದುಡ್ಡಿನಲ್ಲಿ ಬರೆಯೋಣ ಅಂತ ಇವರಿಗೆ ಹೇಳಿದ್ದೇನೆ.

ಇವತ್ತು ಸಂಜೆ ಅಣ್ಣನದು ಮತ್ತೆ ವಾಯ್ಸ್ ಮೆಸೇಜ್. ನಿಯಮ ಪೂರ್ತಿ ಓದಿ ಹೇಳಿದ್ದಾನೆ, ಪಾಪ. ಇನ್ನೊಂದು ದಾರಿ ಇದೆಯಂತೆ. ಅಪ್ಪ ಅಥವಾ ಅಮ್ಮ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ, ಮಗು ಎರಡು ವರ್ಷದ ಪಿಯುಸಿ ಅಲ್ಲಿ ಓದಿ ಪಾಸಾದರೆ ಸಾಕು. ನಾನೂ ಇವರೂ ಓದಿದ್ದೆಲ್ಲ ಅಲ್ಲೇ. ಹಾಗಾದರೆ ಈ ಏಪ್ರಿಲ್‌ನ ಅವಸರ ಇಲ್ಲ. ಹತ್ತನೇ ಕ್ಲಾಸು ಮುಗಿಸಿಕೊಂಡು ಹೋದರೂ ಆಗುತ್ತದೆ, ಅಷ್ಟರವರೆಗೆ ಈ ನಿಯಮ ಹೀಗೇ ಇದ್ದರೆ.

ಕೇಳಿ ಇಬ್ಬರಿಗೂ ಉಸಿರು ಬಂತು. ಇವರು ಎದ್ದು ಹೋಗಿ ಚಹಾ ಮಾಡಿದರು. ಐದೇ ನಿಮಿಷ. ಆಮೇಲೆ ನನಗೆ ಹೊಳೆಯಿತು, ಹತ್ತು ಮುಗಿಯುವುದು ಅಂದರೆ ಇವರಿಗೆ ನಲವತ್ತಾರು. ಆ ವಯಸ್ಸಿನಲ್ಲಿ ಬೆಂಗಳೂರಲ್ಲಿ ಹೊಸ ಕೆಲಸ ಯಾರು ಕೊಡುತ್ತಾರೆ? ಇಲ್ಲ, ನಾನು ಮಕ್ಕಳನ್ನು ಕರೆದುಕೊಂಡು ಹೋಗಿ ಇವರೊಬ್ಬರೇ ಇಲ್ಲಿ ಉಳಿಯುವುದಾ, ಭಾವ ಮೊದಲು ಇದ್ದ ಹಾಗೆ ಬೆಡ್‌ಸ್ಪೇಸ್‌ನಲ್ಲಿ? ಅದಕ್ಕೆ ನಾನು ತಯಾರಿಲ್ಲ. ಹಾಗಂತ ಇವರಿಗೆ ಇನ್ನೂ ಹೇಳಿಲ್ಲ.

ನಾಳೆ ಮಾಡಬೇಕಾದ್ದು ಇದೆ. ರೆಂಟಲ್ ಇಂಡೆಕ್ಸ್‌ನಲ್ಲಿ, ಅಂದರೆ ಬಾಡಿಗೆಯ ಸರಾಸರಿ ತೋರಿಸುವ ಸರ್ಕಾರಿ ಪಟ್ಟಿಯಲ್ಲಿ, ನಮ್ಮ ಬಿಲ್ಡಿಂಗ್ ಹಾಕಿ ನೋಡಬೇಕು. ಈಗಿನ ಬಾಡಿಗೆ ಅಲ್ಲಿ ತೋರಿಸುವ ಸರಾಸರಿಗಿಂತ ಶೇಕಡಾ 20ಕ್ಕಿಂತ ಜಾಸ್ತಿ ಕಡಿಮೆ ಇದ್ದರೆ ಮಾತ್ರ ಶೇಕಡಾ 10 ಏರಿಸಬಹುದು. 11ರಿಂದ 20 ಒಳಗಿದ್ದರೆ ಐದೇ. ಐದು ಅಂತ ಬಂದರೆ ಓನರ್‌ಗೆ ಸ್ಕ್ರೀನ್‌ಶಾಟ್ ಕಳಿಸಿ ನಾಲ್ಕು ಚೆಕ್‌ಗೂ ಕೇಳುತ್ತೇನೆ. ಇವರು ಕಂಪನಿಯಲ್ಲಿ ಬೇಸಿಕ್ ಏರಿಸುವ ಮಾತು ತೆಗೆಯಬೇಕು. ಅಣ್ಣ ಇನ್ನೊಂದೂ ಹೇಳಿದ್ದಾನೆ, ನಮ್ಮಿಬ್ಬರ ಸ್ಟಡಿ ಸರ್ಟಿಫಿಕೇಟ್ ಈಗಲೇ ಶಾಲೆಗಳಿಂದ ತೆಗೆಸಿ, ಬಿಇಒ ಸಹಿ ಹಾಕಿಸಿ ಇಟ್ಟುಕೋ ಅಂತ. ಇವರು ಓದಿದ ಹಳ್ಳಿ ಶಾಲೆ ಮಕ್ಕಳಿಲ್ಲದೆ ಮುಚ್ಚಿ ಆಗಲೇ ಕೆಲವು ವರ್ಷ ಆಯಿತು. ಅದರ ದಾಖಲೆ ಪುಸ್ತಕ ಈಗ ಯಾವ ಶಾಲೆಯಲ್ಲಿ ಇದೆಯೋ ಅಂತ ಮಾವನಿಗೆ ಫೋನ್ ಮಾಡಿ ಕೇಳಬೇಕು, ಬೆಳಿಗ್ಗೆ ಅವರು ತೋಟಕ್ಕೆ ಹೋಗುವ ಮೊದಲೇ, ಇಲ್ಲಿ ಐದೂವರೆಗೆ ಎದ್ದರೆ ಅಲ್ಲಿ ಏಳು