ಹತ್ತು ಯೂರೋ ಲೆಕ್ಕ

ಇವತ್ತು ಎಟಿಎಂನಲ್ಲಿ ಐನೂರರ ನೋಟು ಮಾತ್ರ ಇತ್ತು. ಮುನ್ನೂರು ಬೇಕಿದ್ದ ಹಿರಿಯರೊಬ್ಬರು ಯಂತ್ರಕ್ಕೇ ಬೈದು ಹೊರಟರು.

ನನಗೆ ನೆನಪಾದದ್ದು ಸಾಲದಲ್ಲಿ ಮುಳುಗಿದ್ದ 2015ರ ಗ್ರೀಸ್.

ಜೂನ್ ಕೊನೆಗೆ ಬ್ಯಾಂಕುಗಳಿಗೆ ಬೀಗ. ಒಂದು ಕಾರ್ಡಿಗೆ ದಿನಕ್ಕೆ 60 ಯೂರೋ. ಅದೂ ಹೆಸರಿಗೆ. 20ರ ನೋಟು ಖಾಲಿಯಾದ ಕಡೆಗಳಲ್ಲಿ ಯಂತ್ರ ಕೊಡುತ್ತಿದ್ದದ್ದು 50 ಮಾತ್ರ. ಉಳಿದ ಹತ್ತು ಕಾಗದದ ಮೇಲಿನ ಹಕ್ಕು, ಅಷ್ಟೇ.

ಹೀಗೆ ಸರದಿಯಲ್ಲಿ ನಿಂತ ಜನ ಹೆದರಿ, ಸಾಲ ಕೊಟ್ಟವರ ಷರತ್ತಿಗೆ ತಲೆಯಾಡಿಸಬೇಕಿತ್ತಲ್ಲವೇ? ಪಿಂಚಣಿ ಕಡಿತ, ತೆರಿಗೆ ಏರಿಕೆ, ಎಲ್ಲಕ್ಕೂ. ಆದರೆ ಆ ಷರತ್ತು ಒಪ್ಪಬೇಕೇ ಎಂದು ಸರ್ಕಾರ ಕೇಳಿದ ಜುಲೈ 5ರ ಜನಮತಗಣನೆಯಲ್ಲಿ ನೂರಕ್ಕೆ 61 ಮಂದಿ ‘ಬೇಡ’ ಎಂದರು! ಮತಪತ್ರದಲ್ಲಿ ‘ಬೇಡ’ ಮೇಲಿತ್ತು, ‘ಸರಿ’ ಕೆಳಗೆ. ಸರ್ಕಾರದ ಜಾಣತನ ಎನ್ನಿ. ಆದರೂ ಆ ಧೈರ್ಯ ಅಚ್ಚಿನ ಜಾಗದಿಂದ ಬಂದದ್ದಲ್ಲ.

ಒಂದೇ ವಾರ. ಪ್ರಧಾನಿ ಸಿಪ್ರಾಸ್ ಬ್ರಸೆಲ್ಸಿನಲ್ಲಿ ರಾತ್ರಿಯಿಡೀ ಕುಳಿತು ಇನ್ನೂ ಬಿಗಿಯಾದ ಷರತ್ತುಗಳನ್ನು ಒಪ್ಪಿಕೊಂಡರು. ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಆಮೇಲೆ ಯೋಚಿಸುತ್ತೇನೆ: ಮತ ಅಥೆನ್ಸಿನಲ್ಲಿತ್ತು ನಿಜ, ಆದರೆ ಯೂರೋ ನೋಟಿನ ಕೀಲಿ ಫ್ರಾಂಕ್‌ಫರ್ಟಿನ ಯುರೋಪಿಯನ್ ಕೇಂದ್ರ ಬ್ಯಾಂಕಿನ ಕೈಯಲ್ಲಿತ್ತು. ಆ ಮನುಷ್ಯ ಏನು ಮಾಡಬೇಕಿತ್ತು?

ಸೆಪ್ಟೆಂಬರಿನ ಚುನಾವಣೆ ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ. ಒಪ್ಪಿಕೊಂಡು ಬಂದ ಸಿಪ್ರಾಸರೇ ಮತ್ತೆ ಗೆದ್ದರು. ‘ಬೇಡ’ ಎಂದರೆ ಬೇಡ ಎಂದು ಅವರ ಪಕ್ಷ ಬಿಟ್ಟು ಹೊಸ ಪಕ್ಷ ಕಟ್ಟಿದವರಿಗೆ ಸಂಸತ್ತಿನ ಬಾಗಿಲು ದಾಟಲು ಬೇಕಾದ ಶೇ 3 ಮತವೂ ಸಿಗಲಿಲ್ಲ.