ಸಿಸ್ಟಮ್ ಟ್ರೇಡಿಂಗ್ ಲಾಗ್: ಬ್ಯಾಕ್‌ಟೆಸ್ಟ್‌ಗೆ ಮನೆ ಖರ್ಚು ಸೇರಿಸಿದ ಮೇಲೆ

ಈ ಸಲ ಹೊಸ ರೂಲ್ ಯಾವುದೂ ಬರೆದಿಲ್ಲ. ಇದ್ದ ಸಿಸ್ಟಮ್‌ಗೇ (ಷೇರು ಕೊಳ್ಳಲು, ಮಾರಲು ಮೊದಲೇ ಬರೆದಿಟ್ಟ ರೂಲ್‌ಗಳು) ಮನೆ ಖರ್ಚನ್ನು ಸೇರಿಸಿ ಮತ್ತೆ ಬ್ಯಾಕ್‌ಟೆಸ್ಟ್ ಮಾಡಿದೆ, ಅಂದರೆ ಹಳೆಯ ವರ್ಷಗಳ ಬೆಲೆಗಳ ಮೇಲೆ ಓಡಿಸಿ ನೋಡಿದೆ. ಅಷ್ಟಕ್ಕೇ ಯಾವ ರೂಲ್ ಒಳ್ಳೆಯದು ಅನ್ನುವ ಲೆಕ್ಕ ಬದಲಾಯಿತು.

ಮೊದಲ ಸಲ ಓದುವವರಿಗೆ ಸಿಸ್ಟಮ್ ಬಗ್ಗೆ ಎರಡು ಮಾತು. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್‌ನ (ಎನ್‌ಎಸ್‌ಇ) 200 ದೊಡ್ಡ ಕಂಪನಿಗಳಿರುವ ನಿಫ್ಟಿ 200 ಪಟ್ಟಿಯ ಷೇರುಗಳನ್ನು ಹಿಂದಿನ 12 ತಿಂಗಳ ಏರಿಕೆ ನೋಡಿ ಸಾಲಾಗಿ ಜೋಡಿಸುತ್ತೇನೆ. ತೀರಾ ಈಚಿನ ಒಂದು ತಿಂಗಳನ್ನು ಮಾತ್ರ ಬಿಡುತ್ತೇನೆ. ಮೇಲಿನ 20 ಷೇರುಗಳಿಗೆ ಸಮಪಾಲು ದುಡ್ಡು. ತಿಂಗಳಿಗೊಮ್ಮೆ ಪಟ್ಟಿ ನೋಡಿ ಬದಲಾವಣೆ. ಇದು ಹಳೆಯ ವಿಚಾರವೇ. ನರಸಿಂಹನ್ ಜಗದೀಶ್ ಮತ್ತು ಶೆರಿಡನ್ ಟಿಟ್‌ಮನ್ ಅಮೆರಿಕದ ಷೇರುಗಳ ಮೇಲೆ ಇಂಥ ಲೆಕ್ಕವನ್ನು 1993ರಲ್ಲೇ ತೋರಿಸಿದ್ದರು. ನನ್ನ ಹತ್ತಿರ ಇದರ ಎರಡು ರೂಪ ಇವೆ. ಒಂದು ಯಾವಾಗಲೂ ಮಾರ್ಕೆಟ್ ಒಳಗೇ ಇರುತ್ತದೆ. ಇನ್ನೊಂದಕ್ಕೆ ಫಿಲ್ಟರ್ ಇದೆ: ನಿಫ್ಟಿ (50 ದೊಡ್ಡ ಕಂಪನಿಗಳ ಸೂಚ್ಯಂಕ) ತನ್ನ ಕಳೆದ 200 ದಿನದ ಸರಾಸರಿಗಿಂತ ಕೆಳಗಿದ್ದರೆ ಹೊಸ ಖರೀದಿ ಇಲ್ಲ, ಮಾರಿದ ದುಡ್ಡು ಲಿಕ್ವಿಡ್ ಫಂಡ್‌ಗೆ (ಬೇಕಾದಾಗ ಬೇಗ ತೆಗೆಯಬಹುದಾದ, ಅಪಾಯ ಕಡಿಮೆ ಇರುವ ಮ್ಯೂಚುವಲ್ ಫಂಡ್).

ದುಡ್ಡು ಮುಟ್ಟದೆ ಬಿಟ್ಟರೆ ಫಿಲ್ಟರ್ ಇಲ್ಲದ್ದೇ ಮುಂದೆ. ಆದರೆ ಟ್ರೇಡಿಂಗ್‌ನಲ್ಲೇ ಬದುಕಬೇಕು ಅಂದಮೇಲೆ ದುಡ್ಡು ಮುಟ್ಟದೆ ಇರೋಕೆ ಆಗುತ್ತದಾ? ಒಂದು ಉದಾಹರಣೆ ನೋಡಿ. 30 ಲಕ್ಷ ಬಂಡವಾಳ, ತಿಂಗಳಿಗೆ 30 ಸಾವಿರ ಖರ್ಚು. ವರ್ಷಕ್ಕೆ 3.6 ಲಕ್ಷ, ಅಂದರೆ 12%. ಮಾರ್ಕೆಟ್ 30% ಬಿದ್ದರೆ ಉಳಿಯುವುದು 21 ಲಕ್ಷ. ಸುಮ್ನೆ ಕಾದರೆ 43% ಏರಿದಾಗ ಮತ್ತೆ 30 ಲಕ್ಷ ಆಗುತ್ತದೆ. ಅದೇ ಹೊತ್ತಿಗೆ ಆ ವರ್ಷದ ಖರ್ಚನ್ನೂ ತೆಗೆದರೆ 17.4 ಲಕ್ಷ ಉಳಿಯಿತು. ಈಗ 72% ಏರಬೇಕು! ಮುಂದಿನ ವರ್ಷವೂ ಮನೆಗೆ ಅಷ್ಟೇ ದುಡ್ಡು ಬೇಕು, ಅಲ್ವಾ.

ಅದಕ್ಕೇ ಟೆಸ್ಟನ್ನು ಬೇಕೆಂದೇ ಕೆಟ್ಟ ಸಮಯದಿಂದ ಶುರು ಮಾಡಿದೆ. 2008ರ ಜನವರಿಯಲ್ಲಿ ನಿಫ್ಟಿ 6,300 ದಾಟಿತ್ತು. ಅಕ್ಟೋಬರ್‌ನಲ್ಲಿ 2,300ಕ್ಕಿಂತ ಕೆಳಗೆ ಹೋಯಿತು. ಹಳೆಯ ಎತ್ತರ ದಾಟಿದ್ದು 2013ರ ಕೊನೆಗೆ. ಆ ಜನವರಿಯಲ್ಲಿ ಕೆಲಸ ಬಿಟ್ಟು ಟ್ರೇಡಿಂಗ್‌ಗೆ ಇಳಿದವನ ಮನೆ ನಡೆಯುತ್ತಿತ್ತಾ ಅನ್ನುವುದೇ ನನ್ನ ಪ್ರಶ್ನೆ. ತಿಂಗಳ ಖರ್ಚು ತೆಗೆಯುತ್ತಾ ಹೋದರೆ ಫಿಲ್ಟರ್ ಇಲ್ಲದ ರೂಪ ಬಂಡವಾಳವನ್ನೇ ತಿಂದುಹಾಕುತ್ತದೆ. ಫಿಲ್ಟರ್ ಇರುವುದು ಸೊರಗುತ್ತದೆ, ಆದರೆ ಬದುಕುತ್ತದೆ. ಇನ್ನು ಮುಂದೆ ಫಿಲ್ಟರ್ ಇರುವುದನ್ನೇ ಓಡಿಸುತ್ತೇನೆ. ಲಾಭ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ.

ದೊಡ್ಡ ಬದಲಾವಣೆ ಇನ್ನೊಂದಿದೆ. ಅದು ಅಮ್ಮನ ಲೆಕ್ಕದ ಪುಸ್ತಕದಿಂದ ಬಂದದ್ದು. ನಮ್ಮದು ಸೋಮವಾರಪೇಟೆ ಕಡೆ ಸಣ್ಣ ತೋಟ. ರೊಬಸ್ಟಾ ಮತ್ತು ಮೆಣಸು. ಕಾಫಿ ಕೊಯ್ದು, ಕಣದಲ್ಲಿ ಒಣಗಿಸಿ, ಚೆರಿ (ಸಿಪ್ಪೆ ಸಮೇತ ಒಣಗಿದ ಕಾಫಿ ಹಣ್ಣು) ಮಾರಿದ ಮೇಲೆ ದುಡ್ಡು ಬರುವುದು ವರ್ಷಕ್ಕೊಂದೇ ಸಲ. ಆ ವಾರವೇ ಅಮ್ಮ ಪುಸ್ತಕ ತೆಗೆಯುತ್ತಾರೆ. ಮೊದಲ ಸಾಲು ಆಳುಗಳ ಕೂಲಿ, ಆಮೇಲೆ ಗೊಬ್ಬರ, ಮಳೆಗಾಲದ ರೇಷನ್, ಫೀಸು, ಆಸ್ಪತ್ರೆಗೆ ಅಂತ ಒಂದಿಷ್ಟು. ರೇಟ್ ಚೆನ್ನಾಗಿದ್ದ ವರ್ಷ ಖರ್ಚು ಒಂಚೂರು ಧಾರಾಳ, ಬಿದ್ದ ವರ್ಷ ಬಿಗಿ. ರೊಬಸ್ಟಾ ರೇಟ್ ಲಂಡನ್‌ನಲ್ಲಿ, ಅರೇಬಿಕಾ ರೇಟ್ ನ್ಯೂಯಾರ್ಕ್‌ನಲ್ಲಿ ನಿಗದಿಯಾಗುತ್ತದೆ. ಅದು ನಮ್ಮ ಕೈಯಲ್ಲಿಲ್ಲ ಅಂತ ಕೊಡಗಿನ ಎಲ್ಲ ಬೆಳೆಗಾರರಿಗೂ ಗೊತ್ತು. ಹೀಗಿರುವಾಗ ಷೇರಿನಿಂದ ಮಾತ್ರ ತಿಂಗಳ ಸಂಬಳ ಯಾಕೆ ಕೇಳಬೇಕು?

ಹಾಗಾಗಿ ತಿಂಗಳ ವಿತ್‌ಡ್ರಾವಲ್ ತೆಗೆದುಹಾಕಿದೆ. ಏಪ್ರಿಲ್‌ನಲ್ಲಿ ಒಮ್ಮೆ, ಆವತ್ತಿನ ಬಂಡವಾಳದ 5% ಮಾತ್ರ. 30 ಲಕ್ಷ ಇದ್ದರೆ ಒಂದೂವರೆ ಲಕ್ಷ, 21 ಲಕ್ಷಕ್ಕೆ ಇಳಿದಿದ್ದರೆ 1.05 ಲಕ್ಷ. ತೆಗೆದದ್ದು ಬೇರೆ ಖಾತೆಗೆ ಹೋಗುತ್ತದೆ. ವರ್ಷವಿಡೀ ಮತ್ತೆ ಕೈ ಹಾಕುವಂತಿಲ್ಲ. ಹೀಗೆ ಮಾಡಿದರೆ 2008ರಿಂದ ಶುರುವಾದ ಟೆಸ್ಟ್ ಕೂಡ ತಡೆದುಕೊಳ್ಳುತ್ತದೆ. ಸದ್ಯಕ್ಕೆ ಷೇರಿನಿಂದ ಮನೆಯ ಒಂದು ಪಾಲು ನಡೆಯುತ್ತದೆ, ಉಳಿದದ್ದು ತೋಟದ್ದು. ಬಂಡವಾಳ ಬೆಳೆದ ಹಾಗೆ ಪಾಲು ಜಾಸ್ತಿ ಆಗಲಿ.

ಟ್ಯಾಕ್ಸ್ ಕೂಡ ಇದೇ ಶೀಟ್‌ಗೆ ಹಾಕಿದ್ದೇನೆ. ಹೆಚ್ಚಿನ ಷೇರು ವರ್ಷದೊಳಗೇ ಮಾರಿಹೋಗುವುದರಿಂದ ಲಾಭಕ್ಕೆ 20% ಶಾರ್ಟ್ ಟರ್ಮ್ ಟ್ಯಾಕ್ಸ್. 2024ರ ಜುಲೈ 23ಕ್ಕೆ ಮೊದಲು 15% ಇತ್ತು. ಡೆಲಿವರಿಗೆ (ಕೊಂಡ ಷೇರನ್ನು ಅದೇ ದಿನ ಮಾರದೆ ಖಾತೆಗೆ ಪಡೆಯುವುದು) ಎಸ್‌ಟಿಟಿ, ಅಂದರೆ ಷೇರು ವ್ಯವಹಾರದ ಮೇಲಿನ ತೆರಿಗೆ, ಕೊಳ್ಳುವಾಗ 0.1%, ಮಾರುವಾಗ 0.1%. ಇವನ್ನು ಬಿಟ್ಟು ತೋರಿಸುವ ಯಾವ ಬ್ಯಾಕ್‌ಟೆಸ್ಟನ್ನೂ ನಂಬಬೇಡಿ.

ಡೇಟಾ ಕೆಲಸವೂ ನಡೆದಿದೆ. ಎನ್‌ಎಸ್‌ಇ ಭಾವ್‌ಕಾಪಿಯಲ್ಲಿ (ದಿನದ ಬೆಲೆಗಳ ಫೈಲ್) ಬೋನಸ್ (ಉಚಿತವಾಗಿ ಕೊಡುವ ಷೇರು), ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯುವುದು) ಸರಿಹೊಂದಿಸಿರುವುದಿಲ್ಲ. 2024ರ ಅಕ್ಟೋಬರ್ 28ರಂದು ರಿಲಯನ್ಸ್ 1:1 ಬೋನಸ್‌ಗೆ ಎಕ್ಸ್ ಆಯಿತು, ಅಂದರೆ ಒಂದಕ್ಕೆ ಒಂದು ಉಚಿತ ಷೇರಿನ ಲೆಕ್ಕ ಬೆಲೆಯಲ್ಲಿ ಸೇರಿದ ದಿನ ಅದು. ಫೈಲ್ ನೋಡಿದರೆ ಷೇರು ಒಂದೇ ದಿನದಲ್ಲಿ ಅರ್ಧಕ್ಕೆ ಇಳಿದಂತೆ ಕಾಣುತ್ತದೆ! ಒಂದೇ ದಿನದಲ್ಲಿ 30%ಗಿಂತ ಹೆಚ್ಚು ಬದಲಾದ ಪ್ರತಿ ಷೇರನ್ನೂ ಸ್ಕ್ರಿಪ್ಟ್ ಈಗ ಬೇರೆ ಪಟ್ಟಿಗೆ ಹಾಕುತ್ತದೆ, ನಾನು ಕಣ್ಣಾರೆ ನೋಡಿದ ಮೇಲೇ ಒಳಗೆ ಬಿಡುತ್ತೇನೆ.

ಆರ್ಡರ್ ಕೈಯಲ್ಲೇ ಹಾಕುತ್ತೇನೆ. ಷೇರು ಮಾರ್ಕೆಟ್ ನಿಯಂತ್ರಕ ಸೆಬಿ 2025ರ ಫೆಬ್ರವರಿಯಲ್ಲಿ ತಂದ ನಿಯಮದಂತೆ ಎಪಿಐ ಮೂಲಕ (ಅಂದರೆ ನಮ್ಮ ಪ್ರೋಗ್ರಾಮ್‌ನಿಂದಲೇ ಬ್ರೋಕರ್‌ಗೆ) ಆರ್ಡರ್ ಹಾಕಲು ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಬೇಕು. ತಿಂಗಳಿಗೊಮ್ಮೆ ನಾಲ್ಕಾರು ಷೇರು ಬದಲಾಯಿಸಲು ಅದರ ಅಗತ್ಯ ನನಗಿಲ್ಲ. ಮೇಲಾಗಿ ಇಲ್ಲಿನ ಮಳೆಗಾಲ ನಿಮಗೆ ಗೊತ್ತಲ್ಲ. ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಬೆಳಿಗ್ಗೆ 9:15ರಿಂದ ಮಧ್ಯಾಹ್ನ 3:30ರವರೆಗೆ ಸ್ಕ್ರೀನ್ ಮುಂದೆ ಕೂರಲೇಬೇಕಾದ ಸಿಸ್ಟಮ್ ಜುಲೈನಲ್ಲಿ ಇಲ್ಲಿ ನಡೆಯುವುದಿಲ್ಲ. ಎರಡು ದಿನ ತಡವಾಗಿ ಆರ್ಡರ್ ಹಾಕಿದರೆ ಏನಾಗುತ್ತದೆ ಅಂತಲೂ ಓಡಿಸಿ ನೋಡಿದೆ. ಫಲಿತಾಂಶ ಹೆಚ್ಚೇನೂ ಬದಲಾಗಲಿಲ್ಲ. ನನಗೆ ತುಂಬಾ ಸಮಾಧಾನ ಕೊಟ್ಟ ಟೆಸ್ಟ್ ಅದು.

ಸುಂಟಿಕೊಪ್ಪದ ಹುಡುಗನೊಬ್ಬ ಸಿಕ್ಕಿದಾಗ, "ಅಣ್ಣ, ಆಪ್ಷನ್ಸ್‌ನಲ್ಲಿ ಬೇಗ ಆಗುತ್ತಲ್ಲ?" ಅಂದ. ಸೆಬಿಯ 2024ರ ವರದಿಯನ್ನೇ ಫೋನ್‌ನಲ್ಲಿ ತೆಗೆದು ತೋರಿಸಿದೆ: ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್, ಅಂದರೆ ಮುಂದಿನ ಬೆಲೆಯ ಮೇಲಿನ ಒಪ್ಪಂದಗಳ ವ್ಯಾಪಾರ) ಮಾಡಿದ ಸಾಮಾನ್ಯ ಜನರಲ್ಲಿ 93% ಮಂದಿಗೆ ನಷ್ಟ, ಒಟ್ಟು ಮೊತ್ತ 1.8 ಲಕ್ಷ ಕೋಟಿ ರೂಪಾಯಿಗಿಂತ ಜಾಸ್ತಿ. ಅವನು ತೋಟದ ದುಡ್ಡು ಹಾಕುವ ಮೊದಲು ಒಂದು ಮಾತು ಕೇಳಿದ್ದು ಒಳ್ಳೆಯದಾಯಿತು.

ಮುಂದಿನ ಕೆಲಸ ಹಳೆಯ ನಿಫ್ಟಿ 200 ಪಟ್ಟಿಗಳನ್ನು ವರ್ಷವಾರು ಕೂಡಿಸುವುದು. ಇವತ್ತಿನ ಪಟ್ಟಿಯಿಂದಲೇ ಹಿಂದಕ್ಕೆ ಹೋದರೆ ಗೆದ್ದು ಉಳಿದವರು ಮಾತ್ರ ಕಾಣುತ್ತಾರೆ. 2021ರಲ್ಲಿ ಮಾರ್ಕೆಟ್‌ನಿಂದ ಹೊರಬಿದ್ದ ಮನೆ ಸಾಲದ ಕಂಪನಿ ಡಿಎಚ್‌ಎಫ್‌ಎಲ್ ಥರದವು ಮಾಯ. ಇವತ್ತಿನಿಂದ ಹಿಂದಕ್ಕೆ 2015ರವರೆಗೆ ಪಟ್ಟಿ ಸಿದ್ಧವಾಗಿದೆ, ಅದಕ್ಕಿಂತ ಹಿಂದಿನದು ಇನ್ನೂ ಹುಡುಕಬೇಕು. ಹಳೆಯ ಪಟ್ಟಿಗಳನ್ನು ಇಟ್ಟುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.