ಹಳೇ ಮನೆಯವರು ಬಿಟ್ಟುಹೋದ ಪೈಪು

ಸೋಮವಾರ ನಮ್ಮ ಮನೆಗೆ ಬಂದ ನಲ್ಲಿ ಕೆಲಸದ ಹುಡುಗ, ಮೆಟ್ಟಿಲ ಕೆಳಗೆ ಬಿದ್ದಿದ್ದ ನಾಲ್ಕಿಂಚಿನ ಪೈಪುಗಳ ಧೂಳನ್ನು ಅಂಗೈಯಿಂದ ಒರೆಸುತ್ತ, “ಹಳೇ ಮನೆಯವರು ಬಿಟ್ಟುಹೋಗಿದ್ದಾ ಸಾರ್?” ಎಂದು ಕೇಳಿದ. ನಾನು “ಹೌದು” ಎಂದುಬಿಟ್ಟೆ. ಒಳಗೆ ಅಕ್ಕಿ ಆರಿಸುತ್ತಿದ್ದ ಹೆಂಡತಿಯ ಕೈ ಒಂದು ಕ್ಷಣ ನಿಂತಿತು. ಅವಳು ಏನೂ ಅನ್ನಲಿಲ್ಲ. ಅನ್ನದೆ ಇರುವುದರಲ್ಲಿ ಅವಳು ಪಳಗಿದವಳು.

ಚಾವಣಿಯ ಮಳೆನೀರನ್ನು ಸಂಪಿಗೆ ಇಳಿಸಬೇಕೆಂದು ಮೂರು ವರ್ಷದ ಹಿಂದೆ ಅವನ್ನು, ಜೊತೆಗೆ ನೀರು ಸೋಸುವ ಫಿಲ್ಟರ್ ಡಬ್ಬಿಯೊಂದನ್ನು, ತಂದವನು ನಾನೇ. ಪ್ರತಿ ಯುಗಾದಿಗೂ ಸುಣ್ಣ ಬಳಿಯುವಾಗ ಅವನ್ನು ಹಿತ್ತಿಲಿಗೆ ಹೊತ್ತಿದ್ದೇನೆ, ಹಬ್ಬ ಕಳೆದ ಮೇಲೆ ಮತ್ತೆ ಮೆಟ್ಟಿಲ ಕೆಳಗೆ ಜೋಡಿಸಿದ್ದೇನೆ, ಒಮ್ಮೆ ಒಳಗೆ ಸೇರಿಕೊಂಡ ಚೇಳನ್ನು ಹೊರಡಿಸಲು ಅರ್ಧ ದಿನ ಹೆಣಗಿದ್ದೇನೆ. ಹುಡುಗ ಕೆಲಸ ಮುಗಿಸಲು ತೆಗೆದುಕೊಂಡದ್ದು ಎರಡು ಗಂಟೆ. ಸೋಮಾರಿಗೆ ಮೈ ಬಗ್ಗುವುದಿಲ್ಲ ಎನ್ನುವವರು ಸೋಮಾರಿಗಳನ್ನು ಹತ್ತಿರದಿಂದ ನೋಡಿದವರಲ್ಲ.

ಚಿತ್ರದುರ್ಗದಲ್ಲಿ ಮಳೆಯೆಲ್ಲಿ ಬರುತ್ತದೆ ಎಂಬುದು ನನ್ನ ನೆಪವಾಗಿತ್ತು. ವಾಣಿವಿಲಾಸ ಸಾಗರವೇ 1933ರ ನಂತರ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತೆಂದು ಸಾಕ್ಷಿ ಹೇಳುತ್ತಿದ್ದೆ. ಆದರೆ ನಮ್ಮ ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಇನ್ನೂ ಕೆಳಗೆ ಇಳಿಯುವಂತೆ ಕಟ್ಟಿದವರೂ ಇದೇ ಒಣ ಆಕಾಶವನ್ನೇ ನೋಡಿಕೊಂಡಿದ್ದವರು. ಮಳೆ ಕಡಿಮೆಯೆಂಬ ಒಂದೇ ಮಾತು ಅವರಿಗೆ ಕೆಲಸಕ್ಕೆ ಹಚ್ಚುವ ಕಾರಣವಾಗಿತ್ತು, ನನಗೆ ಕುಳಿತಿರುವ ಕಾರಣವಾಗಿತ್ತು.

ಮಂಗಳವಾರ ರಾತ್ರಿಯೇ ಮಳೆ ಸುರಿಯಿತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್; ನಮ್ಮ 100 ಚದರ ಮೀಟರ್ ಚಾವಣಿಯ ಮೇಲೆ 20 ಮಿಲಿಮೀಟರ್ ಬಿದ್ದರೆ ಹೆಚ್ಚುಕಡಿಮೆ 2000 ಲೀಟರ್. ಟ್ಯಾಂಕರಿನವನಿಗೆ ಕೊಟ್ಟ ಹಣವನ್ನು ನೆನೆಯುತ್ತ, ಸಂಪಿನಲ್ಲಿ ನೀರು ಬೀಳುವ ಸದ್ದು ಕೇಳುತ್ತ ಮಲಗಿದ್ದರೂ ಕಿವಿಯಲ್ಲಿ ಉಳಿದದ್ದು ಆ “ಹೌದು” ಮಾತ್ರ. ಹಣದ ವಿಷಯಕ್ಕೂ ಸುಳ್ಳಾಡದ ನಾನು, ನಾಲ್ಕು ಪೈಪುಗಳ ವಿಷಯಕ್ಕೆ ಕಾಣದ ಯಾರದೋ ಹೆಗಲಿಗೆ ನನ್ನ ಆಲಸ್ಯವನ್ನು ಹೊರಿಸಿದ್ದೆ.

ಬುಧವಾರದಿಂದ, ಕಾಫಿಗೆ ಮುಂಚೆ ಬಾಕಿ ಕೆಲಸವೊಂದಕ್ಕೆ ಕೈ ಹಾಕುತ್ತಿದ್ದೇನೆ, ಮುಗಿಸಲೇಬೇಕೆಂಬ ಹಟವಿಲ್ಲ. ಕಿಟಕಿಯ ಚಿಲಕ ಸರಿಯಾಯಿತು, ಬೀರುವಿನ ಬಾಗಿಲು ಅರ್ಧಕ್ಕೆ ನಿಂತಿದೆ. ಹುಮ್ಮಸ್ಸು ಬಂದ ಮೇಲೆ ಏಳೋಣವೆಂದು ಇಷ್ಟು ವರ್ಷ ಕಾದವನಿಗೆ, ಸ್ಕ್ರೂಡ್ರೈವರ್ ಹಿಡಿದು ಎರಡು ಸುತ್ತು ತಿರುಗಿಸಿದ ಮೇಲೆ ಅದು ತಾನಾಗಿ ಬರುವುದು ಕಂಡು ಸ್ವಲ್ಪ ಸಿಟ್ಟೂ ಬಂದಿದೆ.

ಶನಿವಾರ ಹುಡುಗ ಉಳಿದ ಹಣಕ್ಕೆ ಬಂದ. ಚಹಾ ಕೊಡುತ್ತ ನಾನೇ ಹೇಳಿದೆ: “ಆ ಪೈಪು ತಂದದ್ದು ನಾನೇ ಕಣಪ್ಪ.”

“ಗೊತ್ತು ಸಾರ್,” ಎಂದ ಅವನು, ಲೋಟದಿಂದ ತಲೆಯೆತ್ತದೆ. “ಫಿಲ್ಟರ್ ಡಬ್ಬಿಯೊಳಗೆ ನಿಮ್ಮ ಹೆಸರಿನ ಬಿಲ್ಲಿತ್ತು.”